ಒದೆತದಿಂದ ಹುಟ್ಟಿದ ಕಿಡಿ

1920ರ ಸುಮಾರಿನ ಇಂಗ್ಲಿಷ್ ಮೋಟಾರ್ ಸೈಕಲ್ಲೊಂದನ್ನು ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳಿ. ಚೌಕಟ್ಟಿನ ಎರಡು ಕೊಳವೆಗಳ ನಡುವೆ ಸಿಕ್ಕಿಸಿಟ್ಟ ಚಪ್ಪಟೆ ಪೆಟ್ರೋಲ್ ಟ್ಯಾಂಕು, ಅದರ ಕೆಳಗೆ ಒಂಟಿ ಸಿಲಿಂಡರಿನ ಎಂಜಿನ್, ಮುಂದುಗಡೆ ಒಂದು ಕಾರ್ಬೈಡ್ ದೀಪ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಒಂದು ಪಟ್ಟಿ. ಈ ಗಾಡಿಯಲ್ಲಿ ಬ್ಯಾಟರಿಯನ್ನು ಹುಡುಕಿದರೆ ಸಿಕ್ಕುವುದಿಲ್ಲ. ಬೀಗದ ಕೈ ತೂರಿಸುವ ರಂಧ್ರವೂ ಇಲ್ಲ. ಆದರೂ ಸವಾರನು ಪಕ್ಕದ ಕಿಕ್ಕರನ್ನು ಬಲವಾಗಿ ಒದೆದರೆ ಎಂಜಿನ್ ಗುಡುಗಿ ಏಳುತ್ತದೆ. ಪೆಟ್ರೋಲಿನ ಆವಿಯನ್ನು ಹೊತ್ತಿಸುವುದಕ್ಕೆ ವಿದ್ಯುತ್ತಿನ ಕಿಡಿ ಬೇಕೆಂಬುದನ್ನು ಎಲ್ಲರೂ ಬಲ್ಲರು. ವಿದ್ಯುತ್ತಿನ ಸಂಗ್ರಹವೇ ಇಲ್ಲದ ಗಾಡಿಯಲ್ಲಿ ಆ ಕಿಡಿ ಎಲ್ಲಿಂದ ಬಂತು? ಸವಾರನ ಕಾಲಿನಿಂದಲೇ ಬಂತು. ಅದು ಹೇಗೆ ಬಂತು, ಅದನ್ನು ಬರಿಸುವ ಪುಟ್ಟ ಪೆಟ್ಟಿಗೆಯೊಂದಕ್ಕಾಗಿ ಒಂದು ದೊಡ್ಡ ಸಾಮ್ರಾಜ್ಯ ಹೇಗೆ ಪರದಾಡಬೇಕಾಯಿತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಕನ್ನಡದ ಮೇಷ್ಟರಿಗೆ ಎಂಜಿನ್ನಿನ ಗೊಡವೆ ಏಕೆಂದು ಕೇಳುಗರಲ್ಲಿ ಯಾರಾದರೂ ಹುಬ್ಬೇರಿಸಬಹುದು. ಕಿಡಿ ಎಂಬ ಮಾತು ಯಂತ್ರದವರಿಗಿಂತ ಮೊದಲು ನಮ್ಮದಾಗಿತ್ತು ಎಂದಷ್ಟೇ ನನ್ನ ಸಮಾಧಾನ.

ಪೆಟ್ರೋಲ್ ಎಂಜಿನ್ನಿನ ಕಷ್ಟ ಬೆಂಕಿಯನ್ನು ಹುಟ್ಟಿಸುವುದರಲ್ಲಿಲ್ಲ, ಸಮಯಕ್ಕೆ ಸರಿಯಾಗಿ ಹುಟ್ಟಿಸುವುದರಲ್ಲಿದೆ. ಪಿಸ್ಟನ್ ಮೇಲೇರಿ, ಗಾಳಿ ಮತ್ತು ಪೆಟ್ರೋಲುಗಳ ಮಿಶ್ರಣವನ್ನು ಒತ್ತಿ ಹಿಡಿದ ಗಳಿಗೆಯಲ್ಲಿ ಕಿಡಿ ಹಾರಬೇಕು. ಮೊದಲೇ ಹಾರಿದರೆ ಪಿಸ್ಟನ್ನಿಗೆ ಎದುರೇಟು. ತಡವಾದರೆ ಬಲವೆಲ್ಲ ಹೊಗೆಯ ಪಾಲು. ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅಷ್ಟರಲ್ಲಿ 1500 ಕಿಡಿ ಹುಟ್ಟಬೇಕು, ಎಂದರೆ ಸೆಕೆಂಡಿಗೆ 25. ಒಂದೂ ತಪ್ಪಬಾರದು.

ಮೊತ್ತಮೊದಲಿನ ಗಾಡಿಗಳಲ್ಲಿ ವಿದ್ಯುತ್ತೇ ಇರಲಿಲ್ಲ. 1885ರಲ್ಲಿ ಗೋಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಜರ್ಮನಿಯ ಕಾನ್‌ಷ್ಟಾಟ್‌ನಲ್ಲಿ ಕಟ್ಟಿದ ಮರದ ಚೌಕಟ್ಟಿನ ಸವಾರಿ ಗಾಡಿಯಲ್ಲಿ ಸಿಲಿಂಡರಿನೊಳಕ್ಕೆ ತೆರೆದುಕೊಂಡ ಒಂದು ಪುಟ್ಟ ನಳಿಗೆಯಿತ್ತು. ಹೊರಗಡೆಯಿಂದ ಒಂದು ಜ್ವಾಲೆ ಆ ನಳಿಗೆಯನ್ನು ಕೆಂಪಗೆ ಕಾಯಿಸುತ್ತಿತ್ತು. ಒತ್ತಡಕ್ಕೆ ಸಿಕ್ಕಿದ ಮಿಶ್ರಣ ನಳಿಗೆಯೊಳಕ್ಕೆ ನುಗ್ಗಿ ಹೊತ್ತಿಕೊಳ್ಳುತ್ತಿತ್ತು. ಡೈಮ್ಲರನ ಮಗ ಪೌಲ್ ಅದರ ಮೇಲೆ ಕುಳಿತು ಪ್ರಯಾಣ ಮಾಡಿದಾಗ ಕೆಳಗಿನ ಕಾವಿಗೆ ಆಸನವೇ ಹೊತ್ತಿಕೊಂಡಿತೆಂದು ಹೇಳುತ್ತಾರೆ. 1894ರಲ್ಲಿ ಮ್ಯೂನಿಕ್ಕಿನ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯೂಲರ್ ಅವರು ಮಾರಾಟಕ್ಕೆಂದು ತಯಾರಿಸಿದ ಗಾಡಿಯಲ್ಲೂ ಇದೇ ಉರಿ ನಳಿಗೆ. ಅದನ್ನು ಹೊರಡಿಸಲು ಸವಾರನು ಗಾಡಿಯನ್ನು ನೂಕುತ್ತ ಓಡಿ, ಎಂಜಿನ್ ಎದ್ದೊಡನೆ ಜಿಗಿದು ಕೂರಬೇಕಾಗಿತ್ತು. ಗಾಳಿ ಬೀಸಿದರೆ ಜ್ವಾಲೆ ಆರುವುದು ಒಂದು ತೊಂದರೆಯಾದರೆ, ಉರಿಯುವ ಗಳಿಗೆಯನ್ನು ಹಿಂದುಮುಂದು ಮಾಡಲು ಸವಾರನ ಕೈಯಲ್ಲಿ ಏನೂ ಇಲ್ಲದಿರುವುದು ಅದಕ್ಕಿಂತ ದೊಡ್ಡ ತೊಂದರೆ.

ಫ್ರಾನ್ಸಿನ ದ ದಿಯೋಂ-ಬೂತೋಂ ಕಂಪನಿಯವರು 1895ರಲ್ಲಿ ತಮ್ಮ ಸಣ್ಣ ಎಂಜಿನ್ನಿಗೆ ಬ್ಯಾಟರಿಯನ್ನೂ ತಂತಿಯ ಸುರುಳಿಯನ್ನೂ ಜೋಡಿಸಿದರು. ಕಿಡಿ ಗಳಿಗೆಗೆ ಸರಿಯಾಗಿ ಹಾರತೊಡಗಿತು. ಎಂಜಿನ್ನಿನ ವೇಗ ಡೈಮ್ಲರನ ಎಂಜಿನ್ನಿನ ಇಮ್ಮಡಿಯನ್ನು ದಾಟಿತು. ಆದರೆ ಆ ಬ್ಯಾಟರಿಯನ್ನು ತುಂಬುವ ಡೈನಮೊ ಗಾಡಿಯ ಮೇಲೆ ಇರಲಿಲ್ಲ. ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನಂತೆ, ಕಟ್ಟಿಕೊಂಡು ಬಂದದ್ದು ಮುಗಿಯುವವರೆಗೆ ಮಾತ್ರ ಪ್ರಯಾಣ. ಟ್ಯಾಂಕಿನ ತುಂಬ ಪೆಟ್ರೋಲ್ ಇದ್ದೂ ದಾರಿಯಲ್ಲಿ ಕುಳಿತ ಸವಾರರು ಆ ದಿನಗಳಲ್ಲಿ ಬಹಳ ಮಂದಿ ಇದ್ದಿರಬೇಕು.

ಇಲ್ಲಿ ರೋಬರ್ಟ್ ಬಾಷ್ ಕಥೆಯೊಳಕ್ಕೆ ಬರುತ್ತಾನೆ. ಉಲ್ಮ್ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ 1861ರಲ್ಲಿ ಹುಟ್ಟಿದ ಈತ 1886ರಲ್ಲಿ ಷ್ಟುಟ್‌ಗಾರ್ಟಿನಲ್ಲಿ ಒಂದು ಚಿಕ್ಕ ಕಾರ್ಯಾಗಾರವನ್ನು ತೆರೆದ. ಮರುವರ್ಷ ಗಿರಾಕಿಯೊಬ್ಬನ ಬೇಡಿಕೆಯಂತೆ, ನಿಂತಲ್ಲೇ ಓಡುವ ಗ್ಯಾಸ್ ಎಂಜಿನ್ನಿಗಾಗಿ ಮ್ಯಾಗ್ನೆಟೊ ಎಂಬ ಯಂತ್ರವನ್ನು ಮಾಡಿಕೊಟ್ಟ. ಅದನ್ನು ಕಂಡುಹಿಡಿದವನು ಆತನಲ್ಲ. ಡಾಯ್ಟ್ಸ್ ಕಂಪನಿಯ ಎಂಜಿನ್ನುಗಳಲ್ಲಿ ಅದು ಆಗಲೇ ಇತ್ತು. ಮೂಲ ತತ್ತ್ವವಂತೂ 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟದ್ದು: ತಂತಿಯ ಸುರುಳಿಯ ಬಳಿ ಅಯಸ್ಕಾಂತದ ಪ್ರಭಾವ ಬದಲಾದಾಗ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಅಯಸ್ಕಾಂತವನ್ನು ಸುಮ್ಮನೆ ಪಕ್ಕದಲ್ಲಿಟ್ಟರೆ ಏನೂ ಆಗದು. ಬದಲಾವಣೆ ಬೇಕು, ಅದೂ ವೇಗವಾಗಿ ಆಗಬೇಕು.

1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬಾತ ಬಾಷನ ಬಳಿಗೆ ದ ದಿಯೋಂ-ಬೂತೋಂ ಕಂಪನಿಯ ಮೂರು ಚಕ್ರದ ಮೋಟಾರ್ ಗಾಡಿಯೊಂದನ್ನು ತಂದು, ಇದಕ್ಕೆ ಮ್ಯಾಗ್ನೆಟೊ ಕೂರಿಸಬಲ್ಲೆಯಾ ಎಂದು ಕೇಳಿದ. ಸಿಮ್ಸ್ ಹ್ಯಾಂಬರ್ಗಿನಲ್ಲಿ ಹುಟ್ಟಿದ ಇಂಗ್ಲಿಷ್ ಮನೆತನದವನು. ಎರಡು ದೇಶಗಳಲ್ಲೂ ವ್ಯಾಪಾರ ನಡೆಸುತ್ತಿದ್ದವನು. ಅದುವರೆಗಿನ ಮ್ಯಾಗ್ನೆಟೊಗಳು ನಿಧಾನವಾಗಿ ಓಡುವ ಭಾರಿ ಎಂಜಿನ್ನುಗಳಿಗೆ ತಕ್ಕವು. ಈ ಪುಟ್ಟ ಎಂಜಿನ್ನು ನಿಮಿಷಕ್ಕೆ 1800 ಸುತ್ತಿನವರೆಗೆ ಓಡುತ್ತಿತ್ತು. ಬಾಷನ ಕಾರ್ಯಾಗಾರದ ಮೇಲ್ವಿಚಾರಕ ಆರ್ನೋಲ್ಡ್ ಟ್ಸೇರಿಂಗರ್ ಒಂದು ಜಾಣ್ಮೆಯ ದಾರಿಯನ್ನು ಕಂಡುಕೊಂಡ. ತಂತಿ ಸುತ್ತಿದ ಭಾರದ ಭಾಗವನ್ನು ಅಲುಗಾಡಿಸುವ ಬದಲು ಅದನ್ನು ನಿಲ್ಲಿಸಿ, ಅದಕ್ಕೂ ಅಯಸ್ಕಾಂತಕ್ಕೂ ನಡುವೆ ಹಗುರವಾದ ಕಬ್ಬಿಣದ ತೋಳೊಂದನ್ನು ಆಡಿಸಿದ. ಮ್ಯಾಗ್ನೆಟೊ ರಸ್ತೆಗೆ ಬಂದದ್ದು ಹೀಗೆ.

ಒಂದು ಕುಂದು ಉಳಿದಿತ್ತು. ಈ ಯಂತ್ರ ಕೊಡುತ್ತಿದ್ದುದು ಕಡಮೆ ಒತ್ತಡದ ವಿದ್ಯುತ್ತು. ಅದು ಗಾಳಿಯನ್ನು ಸೀಳಿ ಹಾರಲಾರದು. ಸಿಲಿಂಡರಿನೊಳಗೆ ಎರಡು ಲೋಹದ ತುದಿಗಳನ್ನು ಕೂಡಿಸಿ ಥಟ್ಟನೆ ಬೇರ್ಪಡಿಸಿದರೆ ಮಾತ್ರ ಕಿಡಿ. ಇದಕ್ಕೆ ಸರಳು, ಸ್ಪ್ರಿಂಗುಗಳ ಒಂದು ಸಂಸಾರವೇ ಬೇಕಾಗಿತ್ತು. ಉರಿಯ ನಡುವೆ ಅದು ಬೇಗ ಸವೆಯುತ್ತಿತ್ತು. ಬಾಷನ ಬಳಿ ಕೆಲಸಕ್ಕಿದ್ದ ಗೋಟ್ಲೋಬ್ ಹೋನೋಲ್ಡ್ ಎಂಬ ತರುಣ ಎಂಜಿನಿಯರ್ 1902ರ ವೇಳೆಗೆ ಆ ಸಂಸಾರವನ್ನೆಲ್ಲ ಕಿತ್ತೆಸೆದ. ಆತ ಮಾಡಿದ ಹೆಚ್ಚು ಒತ್ತಡದ ಮ್ಯಾಗ್ನೆಟೊ ನೇರವಾಗಿ ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ತನ್ನು ಕಳುಹಿಸಿತು. ಸಿಲಿಂಡರಿನೊಳಗೆ ಚಲಿಸುವ ಭಾಗ ಒಂದೂ ಉಳಿಯಲಿಲ್ಲ. ಬಾಷ್ ಕಂಪನಿಯ ಇಂದಿನ ಚಿಹ್ನೆಯನ್ನು ನೀವು ಕಂಡಿರಬಹುದು: ವೃತ್ತದೊಳಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಬಿಲ್ಲುಗಳಂತಹ ಆಕೃತಿ. ಅದು ಮ್ಯಾಗ್ನೆಟೊದೊಳಗೆ ತಿರುಗುವ ಆರ್ಮೇಚರಿನ ಚಿತ್ರ. 1918ರಲ್ಲಿ ಅದನ್ನು ಬರೆದವನೂ ಹೋನೋಲ್ಡನೇ. 1951ರಲ್ಲಿ ಸ್ಥಾಪನೆಯಾಗಿ, ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಸಿ, ಮೈಕೋ ಎಂಬ ಹೆಸರಿನಿಂದ ದೇಶದ ಉದ್ದಗಲಕ್ಕೂ ಸ್ಪಾರ್ಕ್ ಪ್ಲಗ್ಗು ಮಾರಿದ ಕಂಪನಿ ಈ ಬಾಷ್ ಮನೆತನದ್ದೇ. 2008ರಿಂದ ಅದರ ಹೆಸರೂ ಬಾಷ್ ಎಂದಾಗಿದೆ.

ಹೋನೋಲ್ಡನ ಪೆಟ್ಟಿಗೆಯನ್ನು ಈಗ ತೆರೆದು ನೋಡೋಣ. ಹೊರಗೆ ಕುದುರೆ ಲಾಳದ ಆಕಾರದ ಉಕ್ಕಿನ ಅಯಸ್ಕಾಂತ. ಅದರ ಎರಡು ತುದಿಗಳ ನಡುವೆ ಕಬ್ಬಿಣದ ಆರ್ಮೇಚರ್. ಅದರ ನಡುವಿನಲ್ಲಿ ಎರಡು ಬಗೆಯ ತಂತಿಗಳನ್ನು ಒಂದರ ಮೇಲೊಂದು ಸುತ್ತಿದೆ: ಮೊದಲು ದಪ್ಪ ತಂತಿಯ ಕೆಲವೇ ಸುತ್ತುಗಳು, ಅದರ ಮೇಲೆ ಕೂದಲಿನಂತಹ ತಂತಿಯ ಸಾವಿರಾರು ಸುತ್ತುಗಳು. ಎಂಜಿನ್ನಿನಿಂದ ಒಂದು ಸರಪಳಿ ಇಲ್ಲವೆ ಹಲ್ಲುಗಾಲಿ ಬಂದು ಈ ಆರ್ಮೇಚರನ್ನು ತಿರುಗಿಸುತ್ತದೆ. ನಾಲ್ಕು ಹೊಡೆತದ ಒಂಟಿ ಸಿಲಿಂಡರಿನ ಗಾಡಿಯಲ್ಲಿ ಎಂಜಿನ್ನಿನ ಅರ್ಧ ವೇಗದಲ್ಲಿ. ಆರ್ಮೇಚರ್ ಅರ್ಧ ಸುತ್ತು ತಿರುಗಿದಾಗ ಅದರೊಳಗೆ ಹಾಯುವ ಅಯಸ್ಕಾಂತದ ಪ್ರಭಾವ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ತಿರುಗಿಬೀಳುತ್ತದೆ. ಆಗ ದಪ್ಪ ತಂತಿಯಲ್ಲಿ ವಿದ್ಯುತ್ತು ಉಕ್ಕುತ್ತದೆ. ಆದರೆ ಇದು ಇನ್ನೂ ಕಿಡಿಯಲ್ಲ.

ದಪ್ಪ ತಂತಿಯ ದಾರಿಯಲ್ಲಿ ಎರಡು ಪುಟ್ಟ ಲೋಹದ ತುದಿಗಳು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಅಂದು ಅವಕ್ಕೆ ಪ್ಲಾಟಿನಮ್ ಹಚ್ಚುತ್ತಿದ್ದರು. ನಮ್ಮ ಮೆಕ್ಯಾನಿಕ್ಕುಗಳು ಅವನ್ನು ಪಾಯಿಂಟು ಎನ್ನುತ್ತಾರೆ. ವಿದ್ಯುತ್ತು ಉಕ್ಕಿ ಶಿಖರಕ್ಕೇರಿದ ಗಳಿಗೆಯಲ್ಲಿ ಒಂದು ಉಬ್ಬು ಬಂದು ಈ ಪಾಯಿಂಟುಗಳನ್ನು ಬೇರೆ ಮಾಡುತ್ತದೆ. ಬೇರೆಯಾಗುವ ಅಂತರ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ಬರೆಯುವ ಕಾಗದದ ಮೂರು ಹಾಳೆಯಷ್ಟು. ನಲ್ಲಿಯಲ್ಲಿ ರಭಸದಿಂದ ಹರಿಯುವ ನೀರನ್ನು ಥಟ್ಟನೆ ನಿಲ್ಲಿಸಿದರೆ ಕೊಳವೆ ಧಡಲ್ಲನೆ ಬಡಿದುಕೊಳ್ಳುವುದನ್ನು ಕೇಳಿದ್ದೀರಷ್ಟೆ. ಹರಿವು ನಿಂತ ಆಘಾತವೇ ಅಲ್ಲಿ ಒತ್ತಡವಾಗುತ್ತದೆ. ಇಲ್ಲಿಯೂ ಹಾಗೆಯೇ. ದಪ್ಪ ತಂತಿಯ ಹರಿವು ಕಡಿದೊಡನೆ ಅದು ಕಟ್ಟಿನಿಲ್ಲಿಸಿದ್ದ ಅಯಸ್ಕಾಂತ ಪ್ರಭಾವ ಕುಸಿಯುತ್ತದೆ. ಆ ಕುಸಿತ ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಹಲವು ಸಾವಿರ ವೋಲ್ಟುಗಳ ಒತ್ತಡವನ್ನು ಎಬ್ಬಿಸುತ್ತದೆ. ಅದು ಪ್ಲಗ್ಗಿನ ತುದಿಯಲ್ಲಿನ ಸುಮಾರು ಅರ್ಧ ಮಿಲಿಮೀಟರಿನ ಕಂಡಿಯನ್ನು ಹಾರಿ ದಾಟುತ್ತದೆ. ಕಿಡಿ ಎಂದರೆ ಅದೇ. ಪಾಯಿಂಟುಗಳ ನಡುವೆಯೂ ವಿದ್ಯುತ್ತು ಹಾರಲು ಹವಣಿಸುತ್ತದೆ; ಹಾರಿದರೆ ಹರಿವು ಥಟ್ಟನೆ ನಿಲ್ಲದು, ಕುಸಿತವೂ ಮಂದವಾಗುತ್ತದೆ. ಅದನ್ನು ತಪ್ಪಿಸಲು ಪಕ್ಕದಲ್ಲಿ ಕಂಡೆನ್ಸರ್ ಎಂಬುದೊಂದಿದೆ. ಅಭ್ರಕದ ಹಾಳೆ, ಲೋಹದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಸಣ್ಣ ಕಟ್ಟು ಉಕ್ಕಿ ಬಂದದ್ದನ್ನು ಗಳಿಗೆಯ ಮಟ್ಟಿಗೆ ತನ್ನೊಳಗೆ ತಡೆದಿಟ್ಟುಕೊಳ್ಳುತ್ತದೆ.

ಇಂತಹ ಗಾಡಿಯನ್ನು ನಿಲ್ಲಿಸುವ ಗುಂಡಿಯ ಬಗೆಯೂ ವಿಚಿತ್ರ. ಮನೆಯ ದೀಪವನ್ನು ಆರಿಸಬೇಕಾದರೆ ನಾವು ಸಂಪರ್ಕವನ್ನು ಕಡಿಯುತ್ತೇವೆ. ಮ್ಯಾಗ್ನೆಟೊವನ್ನು ಆರಿಸಬೇಕಾದರೆ ಸಂಪರ್ಕವನ್ನು ಕೂಡಿಸಬೇಕು. ಗುಂಡಿ ಒತ್ತಿದಾಗ ದಪ್ಪ ತಂತಿ ಗಾಡಿಯ ಮೈಗೆ ತಗಲಿಕೊಳ್ಳುತ್ತದೆ. ಪಾಯಿಂಟು ತೆರೆದರೂ ಹರಿವು ಕಡಿಯುವುದಿಲ್ಲ, ಕಿಡಿ ಹುಟ್ಟುವುದಿಲ್ಲ. ಆ ತಂತಿ ಎಲ್ಲಾದರೂ ತುಂಡಾದರೆ ಎಂಜಿನ್ ನಿಲ್ಲುವ ಬದಲು ನಿಲ್ಲಿಸಲಾಗದಂತೆ ಓಡುತ್ತದೆ.

ಇನ್ನು ಒದೆತದ ಮಾತು. ಮೊದಮೊದಲು ಗಾಡಿಯನ್ನು ನೂಕಿ ಓಡಿಸುತ್ತಿದ್ದರು, ಇಲ್ಲವೆ ಸೈಕಲ್ಲಿನಂತೆ ಪೆಡಲ್ ತುಳಿಯುತ್ತಿದ್ದರು. ಕಾಲಿನಿಂದ ಒದೆಯುವ ಕಿಕ್ಕರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಆಲ್ಫ್ರೆಡ್ ಆಂಗಸ್ ಸ್ಕಾಟ್; 1908ರಿಂದ ಹೊರಬಂದ ಅವನ ಗಾಡಿಗಳಿಗೆ ಅದೊಂದು ಹೆಗ್ಗುರುತು. ಕೇಳುವುದಕ್ಕೆ ಸುಲಭ, ಮ್ಯಾಗ್ನೆಟೊ ಗಾಡಿಯಲ್ಲಿ ಮಾತ್ರ ಅದೊಂದು ವಿದ್ಯೆಯೇ ಸರಿ. ಏಕೆಂದರೆ ಅಲ್ಲಿ ಕಾಲು ಎರಡು ಕೆಲಸ ಮಾಡಬೇಕು: ಎಂಜಿನ್ನನ್ನೂ ತಿರುಗಿಸಬೇಕು, ವಿದ್ಯುತ್ತನ್ನೂ ಹುಟ್ಟಿಸಬೇಕು. ಬದಲಾವಣೆಯ ವೇಗದಿಂದ ವಿದ್ಯುತ್ತು ಹುಟ್ಟುತ್ತದೆಂದು ಫ್ಯಾರಡೆ ತೋರಿಸಿದ್ದನಷ್ಟೆ. ಎಂಜಿನ್ ನಿಧಾನವಾಗಿ ತಿರುಗಿದರೆ ಮ್ಯಾಗ್ನೆಟೊ ಅದರಲ್ಲೂ ಅರ್ಧ ನಿಧಾನ. ಕಿಡಿ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಅತ್ಯಂತ ದುರ್ಬಲ. ಆದಕಾರಣ ಬರಿಯ ಬಲದಿಂದ ಮೇಲಿಂದ ಮೇಲೆ ಒದೆದು ಪ್ರಯೋಜನವಿಲ್ಲ. ಮೊದಲು ಕಾರ್ಬ್ಯುರೇಟರಿನ ಮೇಲಿನ ಸಣ್ಣ ಗುಂಡಿಯನ್ನು ಒತ್ತಿ ಪೆಟ್ರೋಲ್ ಜಿನುಗಿಸಬೇಕು. ಕಿಕ್ಕರನ್ನು ಮೆಲ್ಲಗೆ ಅದುಮುತ್ತ ಪಿಸ್ಟನ್ ಒತ್ತಡದ ತುದಿಗೆ ಬಂದುದನ್ನು ಅಂಗಾಲಿನಿಂದಲೇ ಅರಿಯಬೇಕು. ವಾಲ್ವನ್ನು ಎತ್ತುವ ಹಿಡಿಯನ್ನು ಅದುಮಿ ಆ ತುದಿಯನ್ನು ತುಸು ದಾಟಿಸಿ, ಕಿಕ್ಕರನ್ನು ಮೇಲಕ್ಕೆ ಬಿಟ್ಟು, ಮೈಭಾರವನ್ನೆಲ್ಲ ಹಾಕಿ ಒಂದೇ ಸಲ ಉದ್ದನೆಯ ಒದೆತ ಕೊಡಬೇಕು. ಆಗ ಎಂಜಿನ್ನಿನ ಗಾಲಿಗೆ ವೇಗ ಕೂಡಿಬರಲು ಒಂದು ಪೂರ್ತಿ ಓಟ ದೊರೆಯುತ್ತದೆ.

ಹ್ಯಾಂಡಲಿನ ಮೇಲೆ ಇನ್ನೊಂದು ಸಣ್ಣ ಹಿಡಿಯಿದೆ. ಕಿಡಿ ಹಾರುವ ಗಳಿಗೆಯನ್ನು ಹಿಂದೆ ಮುಂದೆ ಮಾಡುವುದು ಅದರ ಕೆಲಸ. ಓಟದಲ್ಲಿ ಕಿಡಿ ಪಿಸ್ಟನ್ನಿಗಿಂತ ತುಸು ಮುಂಚೆ ಹಾರಬೇಕು, ಏಕೆಂದರೆ ಉರಿ ಹರಡಲು ಹೊತ್ತು ಬೇಕು. ಒದೆಯುವಾಗ ಮುಂಚೆಯೇ ಹಾರಿದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನನ್ನು ಸ್ಫೋಟ ಕೆಳಕ್ಕೆ ನೂಕುತ್ತದೆ. ಎಂಜಿನ್ ಹಿಂದಕ್ಕೆ ತಿರುಗಿ ಕಿಕ್ಕರ್ ಸವಾರನ ಕಾಲಿಗೆ ಬಂದು ಬಡಿಯುತ್ತದೆ. ಒದೆದವನಿಗೆ ಎಂಜಿನ್ ಕೊಡುವ ಮರುಒದೆತವಿದು. ಕಣಕಾಲು ಮುರಿದುಕೊಂಡವರೂ ಉಂಟು. ಹಾಗೆಂದು ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದರೆ ಪಾಯಿಂಟುಗಳು ವಿದ್ಯುತ್ತಿನ ಶಿಖರ ದಾಟಿದ ಮೇಲೆ ತೆರೆದುಕೊಳ್ಳುತ್ತವೆ, ಕಿಡಿಯೇ ಸೊರಗುತ್ತದೆ. ಎಷ್ಟು ಎಳೆಯಬೇಕೆಂಬುದು ಆಯಾ ಗಾಡಿಯ ಗುಟ್ಟು. ಅದು ಯಾವ ಪುಸ್ತಕದಿಂದಲೂ ಬರುವಂಥದಲ್ಲ.

ಇಷ್ಟು ಪಳಗಿದವನಿಗೆ ಮ್ಯಾಗ್ನೆಟೊ ಗಾಡಿ ಯಾರ ಹಂಗೂ ಇಲ್ಲದ ಗಾಡಿ. ದೀಪ ಕೆಟ್ಟರೂ, ಮಳೆ ಹೊಯ್ದರೂ, ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿದ್ದರೂ ಒದೆತವೊಂದಿದ್ದರೆ ಸಾಕು. ಈ ಸ್ವಾತಂತ್ರ್ಯವನ್ನು ಸವಾರರು ಕೊಂಡಾಡಿದ್ದೇ ಕೊಂಡಾಡಿದ್ದು. ಆದರೆ ಆ ಪೆಟ್ಟಿಗೆ ಎಲ್ಲಿ ತಯಾರಾಗುತ್ತದೆಂದು ಬಹಳ ಮಂದಿ ಯೋಚಿಸಿರಲಿಲ್ಲ.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಬ್ರಿಟಿಷ್ ಸೈನ್ಯಕ್ಕೆ ಸಂದೇಶ ಒಯ್ಯುವ ಸವಾರರು ಬೇಕಾಗಿದ್ದರು; ಯುನಿವರ್ಸಿಟಿಯ ಹುಡುಗರು ತಮ್ಮ ತಮ್ಮ ಮೋಟಾರ್ ಸೈಕಲ್ಲುಗಳೊಡನೆ ಬಂದು ಸೇರಿದರು. ಆ ಗಾಡಿಗಳ ಚೌಕಟ್ಟು ಕವೆಂಟ್ರಿಯದು, ಬ್ರಿಸ್ಟಲಿನದು. ಕಿಡಿ ಮಾತ್ರ ಹೆಚ್ಚಿನವುಗಳಲ್ಲಿ ಷ್ಟುಟ್‌ಗಾರ್ಟಿನದು. ಯುದ್ಧಕ್ಕೆ ಮುಂಚೆ ಬಾಷ್ ಕಾರ್ಖಾನೆಯ ಮಾರಾಟದ ಬಹುಭಾಗ ಜರ್ಮನಿಯ ಹೊರಗೇ ನಡೆಯುತ್ತಿತ್ತು. ಇಂಗ್ಲೆಂಡಿನ ಕಾರು, ಲಾರಿ, ಮೋಟಾರ್ ಸೈಕಲ್ಲು, ಆಗತಾನೆ ರೆಕ್ಕೆ ಬಲಿಯುತ್ತಿದ್ದ ವಿಮಾನ, ಎಲ್ಲಕ್ಕೂ ಅಲ್ಲಿಯ ಮ್ಯಾಗ್ನೆಟೊವೇ ಗತಿ. ಒಂದೇ ದಿನದಲ್ಲಿ ಆ ಬಾಗಿಲು ಮುಚ್ಚಿತು. ಇಂಗ್ಲೆಂಡಿನಲ್ಲಿ ಮ್ಯಾಗ್ನೆಟೊ ಮಾಡಬಲ್ಲವರೆಂದು ಹೇಳಬಹುದಾಗಿದ್ದುದು ಬರ್ಮಿಂಗ್‌ಹ್ಯಾಮಿನ ತಾಮ್ಸನ್-ಬೆನೆಟ್ ಎಂಬ ಸಣ್ಣ ಸಂಸ್ಥೆ. ದೀಪಗಳ ವ್ಯಾಪಾರಕ್ಕೆ ಹೆಸರಾಗಿದ್ದ ಲೂಕಾಸ್ ಕಂಪನಿ ಅದೇ ವರ್ಷ ಅದನ್ನು ಕೊಂಡುಕೊಂಡಿತು.

ಪೆಟ್ಟಿಗೆಯೊಂದನ್ನು ನೋಡಿ ಅದರಂತೆ ಇನ್ನೊಂದನ್ನು ಮಾಡುವುದು ಅಷ್ಟು ಕಷ್ಟವೆ? ಕಷ್ಟವೇ ಆಗಿತ್ತು. ಕೂದಲಿನಂತಹ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಪದರ ಪದರಕ್ಕೂ ಸೋರಿಕೆಯಿಲ್ಲದಂತೆ ಮಾಡುವುದು ಕೈಪಳಗಿದವರ ಕೆಲಸ. ಅದಕ್ಕಿಂತ ದೊಡ್ಡ ತೊಡಕು ಅಯಸ್ಕಾಂತದ ಉಕ್ಕು. ಅಂದಿನ ಅಯಸ್ಕಾಂತಗಳನ್ನು ಟಂಗ್‌ಸ್ಟನ್ ಬೆರೆಸಿದ ಉಕ್ಕಿನಿಂದ ಮಾಡುತ್ತಿದ್ದರು. ಹಾಗಿಲ್ಲದಿದ್ದರೆ ಅವು ತಮ್ಮ ಗುಣವನ್ನು ಬೇಗ ಕಳೆದುಕೊಳ್ಳುತ್ತಿದ್ದವು. ಟಂಗ್‌ಸ್ಟನ್ ಸಿಗುವ ವುಲ್ಫ್ರಮ್ ಅದಿರು ಬರ್ಮಾದ ಟವಾಯ್ ಜಿಲ್ಲೆಯಲ್ಲಿ ಹೇರಳವಾಗಿತ್ತು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಹೀಗಿದ್ದೂ ಆ ಅದಿರು ಹೋಗುತ್ತಿದ್ದುದು ಜರ್ಮನಿಗೆ. ಅದನ್ನು ಕರಗಿಸಿ ಶುದ್ಧಿಮಾಡುವ ಕಾರ್ಖಾನೆಗಳಿದ್ದುದು ಅಲ್ಲಿ. ತನ್ನದೇ ಸಾಮ್ರಾಜ್ಯದ ಮಣ್ಣಿನಿಂದ ಅಗೆದದ್ದನ್ನು ಪರರಿಗೆ ಕೊಟ್ಟು, ಅವರು ಅದರಿಂದ ಮಾಡಿದ್ದನ್ನು ಮರಳಿ ಕೊಂಡುಕೊಳ್ಳುವುದು ನಮಗೆ ಅಪರಿಚಿತವಾದ ವ್ಯಾಪಾರವಲ್ಲ. ನಮ್ಮ ಹತ್ತಿಗೂ ಮ್ಯಾಂಚೆಸ್ಟರಿನ ಬಟ್ಟೆಗೂ ಇದ್ದ ಸಂಬಂಧ ಇದೇ ತಾನೆ. ಆ ವ್ಯಾಪಾರವನ್ನು ನಮಗೆ ಕಲಿಸಿದ ಇಂಗ್ಲೆಂಡೇ ಅದರ ಇನ್ನೊಂದು ತುದಿಯಲ್ಲಿ ನಿಂತದ್ದನ್ನು ಓದಿದಾಗ ನನಗೆ ನಗು ಬಂದದ್ದನ್ನು ಮುಚ್ಚಿಡಲಾರೆ. ಯುದ್ಧ ಆರಂಭವಾದ ಮೇಲೆ ಸರ್ಕಾರ ಟವಾಯ್ ಗಣಿಗಳನ್ನು ಅವಸರದಿಂದ ಬೆಳೆಸಿತು; ಅದಿರನ್ನು ಕರಗಿಸುವ ಕೆಲಸವನ್ನು ಇಂಗ್ಲೆಂಡಿನಲ್ಲೇ ತೊಡಗಿಸಿತು. ಕವೆಂಟ್ರಿಯಲ್ಲಿ ಎಂ.ಎಲ್., ಬಿ.ಟಿ.ಎಚ್. ಮೊದಲಾದ ಸಂಸ್ಥೆಗಳು ಮ್ಯಾಗ್ನೆಟೊ ಮಾಡಲು ಕಲಿತವು. ಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿಗೆ ತನ್ನದೇ ಆದ ಕಿಡಿ ಇತ್ತು.

ಆ ಯುದ್ಧದಲ್ಲಿ ಸಂದೇಶವಾಹಕರ ಮೆಚ್ಚಿನ ಗಾಡಿಯೆನಿಸಿದ್ದು ಕವೆಂಟ್ರಿಯ ಟ್ರಯಂಫ್ ಕಂಪನಿಯ ಮಾಡೆಲ್ ಎಚ್. 1915ರಿಂದ ಸುಮಾರು 30,000 ಗಾಡಿಗಳು ಸೈನ್ಯಕ್ಕೆ ಹೋದವು. ಪೆಡಲನ್ನು ಕೈಬಿಟ್ಟು ಕಿಕ್ಕರನ್ನೇ ನೆಚ್ಚಿಕೊಂಡ ಗಾಡಿ ಅದು. ಆ ಕಂಪನಿಯ ಸ್ಥಾಪಕ ಸೀಗ್‌ಫ್ರೀಡ್ ಬೆಟ್‌ಮನ್ ಹುಟ್ಟಿದ್ದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಇಂಗ್ಲೆಂಡಿನ ಪ್ರಜೆಯಾಗಿ, 1913ರಲ್ಲಿ ಕವೆಂಟ್ರಿಯ ಮೇಯರ್ ಕೂಡ ಆಗಿದ್ದ. ಯುದ್ಧ ಬಂದೊಡನೆ ಹುಟ್ಟಿದ ಊರಿನ ಕಾರಣದಿಂದ ಆ ಪದವಿಯನ್ನು ಕಳೆದುಕೊಂಡ. ಅವನ ಕಾರ್ಖಾನೆಯ ಗಾಡಿಗಳ ಮೇಲೆ ಸೈನ್ಯ ವಿಶ್ವಾಸವಿಟ್ಟಿತು, ಅವನ ಮೇಲೆ ಊರು ವಿಶ್ವಾಸವಿಡಲಿಲ್ಲ. ಅಟ್ಲಾಂಟಿಕ್ಕಿನ ಆಚೆಯೂ ಇಂಥದೇ ಕಥೆ: ಅಮೆರಿಕದಲ್ಲಿದ್ದ ಬಾಷ್ ಮ್ಯಾಗ್ನೆಟೊ ಕಂಪನಿಯನ್ನು ಶತ್ರುಗಳ ಆಸ್ತಿಯೆಂದು ಅಲ್ಲಿಯ ಸರ್ಕಾರ 1918ರಲ್ಲಿ ವಶಪಡಿಸಿಕೊಂಡು ಮಾರಿಬಿಟ್ಟಿತು.

ಒದೆಯುವ ಕಷ್ಟವನ್ನು ತಪ್ಪಿಸಲು ಯಾರೂ ಯತ್ನಿಸಲಿಲ್ಲವೆ ಎಂದರೆ, ಯತ್ನಿಸಿದ್ದರು. ಕ್ಯಾಡಿಲಾಕ್ ಕಾರಿಗೆ 1912ರಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರ್ ಬಂದುದನ್ನು ಕಂಡು, ಅಮೆರಿಕದ ಇಂಡಿಯನ್ ಎಂಬ ಕಂಪನಿ 1914ರಲ್ಲಿ ತನ್ನ ಹೆಂಡೀ ಸ್ಪೆಷಲ್ ಮೋಟಾರ್ ಸೈಕಲ್ಲಿಗೂ ಅದನ್ನು ಕೂರಿಸಿತು. ಹೆಸರಿನ ಹೊರತು ಆ ಕಂಪನಿಗೂ ನಮಗೂ ಸಂಬಂಧವಿಲ್ಲ. ಗುಂಡಿ ಒತ್ತಿದರೆ ಎಂಜಿನ್ ಏಳಬೇಕಾಗಿತ್ತು. ಅಂದಿನ ಬ್ಯಾಟರಿಗಳು ರಸ್ತೆಯ ಕುಲುಕಾಟವನ್ನೂ ಸ್ಟಾರ್ಟರಿನ ಹಸಿವನ್ನೂ ತಾಳಲಾರದೆ ಹೋದವು. ವರ್ಷ ತುಂಬುವಷ್ಟರಲ್ಲಿ ಕಂಪನಿ ಆ ಗಾಡಿಯನ್ನು ಹಿಂತೆಗೆದುಕೊಂಡಿತು. ಅದಾದ ಮೇಲೆ ಮೋಟಾರ್ ಸೈಕಲ್ಲಿನವರು ಕೆಲವು ದಶಕಗಳ ಕಾಲ ಕಾಲನ್ನೇ ನಂಬಿದರು.

ಬ್ಯಾಟರಿ ಮರಳಿ ಬಂದದ್ದು ದೀಪದ ನೆಪದಲ್ಲಿ. 1920ರ ದಶಕದಲ್ಲಿ ಲೂಕಾಸ್ ಕಂಪನಿ ಮ್ಯಾಗ್ನೆಟೊದ ಬೆನ್ನ ಮೇಲೆ ಒಂದು ಪುಟ್ಟ ಡೈನಮೊವನ್ನು ಕಟ್ಟಿ, ಜೋಡಿಗೆ ಮ್ಯಾಗ್‌ಡೈನೊ ಎಂದು ಹೆಸರಿಟ್ಟಿತು. ಡೈನಮೊ 6 ವೋಲ್ಟಿನ ಬ್ಯಾಟರಿಯನ್ನು ತುಂಬುತ್ತಿತ್ತು, ಬ್ಯಾಟರಿ ದೀಪವನ್ನು ಉರಿಸುತ್ತಿತ್ತು, ಮ್ಯಾಗ್ನೆಟೊ ತನ್ನ ಪಾಡಿಗೆ ತಾನು ಕಿಡಿ ಹಾರಿಸುತ್ತಿತ್ತು. ಬೆಳಕಿನ ಸಂಸಾರ ಬೇರೆ, ಬೆಂಕಿಯ ಸಂಸಾರ ಬೇರೆ. ದೀಪದ ವ್ಯಾಪಾರದಿಂದ ಮೇಲೆ ಬಂದ ಲೂಕಾಸನ್ನು ಇಂಗ್ಲಿಷ್ ಸವಾರರು ಕತ್ತಲೆಯ ರಾಜಕುಮಾರನೆಂದು ಹಾಸ್ಯ ಮಾಡುತ್ತಿದ್ದರು. ದೀಪ ಆರಿದರೂ ಎಂಜಿನ್ ಓಡುತ್ತಲೇ ಇದ್ದುದರಿಂದ, ಆ ಹಾಸ್ಯ ಮಾಡಲು ಅವರು ಮನೆಯನ್ನು ಸೇರುತ್ತಿದ್ದರು ಎಂಬುದನ್ನೂ ನೆನೆಯಬೇಕು.

ಬ್ಯಾಟರಿಯನ್ನು ತುಂಬುವ ವ್ಯವಸ್ಥೆ ಗಾಡಿಯ ಮೇಲೇ ಇದ್ದಾಗ, ಕಿಡಿಗೂ ಅದನ್ನೇ ಬಳಸಬಾರದೇಕೆ? ದ ದಿಯೋಂ-ಬೂತೋಂ ಕಂಪನಿಯವರು 1895ರಲ್ಲಿ ಹಿಡಿದ ದಾರಿಗೆ ಹೀಗೆ ಎರಡನೆಯ ಜನ್ಮ ಬಂತು. 1953ರಲ್ಲಿ ಟ್ರಯಂಫ್ ಕಂಪನಿಯ ಸ್ಪೀಡ್ ಟ್ವಿನ್ ಮ್ಯಾಗ್ನೆಟೊವನ್ನು ಬಿಟ್ಟು ಬ್ಯಾಟರಿ, ಕಾಯಿಲ್ ಮತ್ತು ಆಲ್ಟರ್ನೇಟರುಗಳಿಗೆ ಬದಲಾಯಿತು. ಕಾಲು ಎಷ್ಟು ನಿಧಾನವಾಗಿ ಒದೆದರೂ ಕಾಯಿಲಿನ ಕಿಡಿ ಕುಂದುವುದಿಲ್ಲ, ಏಕೆಂದರೆ ಅದರ ಬಲ ಬ್ಯಾಟರಿಯದು. ಆದರೆ ಬ್ಯಾಟರಿ ಸತ್ತರೆ? ಅದಕ್ಕಾಗಿ ಅಂದಿನ ಲೂಕಾಸ್ ಸ್ವಿಚ್ಚುಗಳಲ್ಲಿ ತುರ್ತಿನ ಒಂದು ಸ್ಥಾನವಿತ್ತು. ಕೀಲಿಯನ್ನು ಅಲ್ಲಿಗೆ ತಿರುಗಿಸಿದರೆ ಆಲ್ಟರ್ನೇಟರಿನ ವಿದ್ಯುತ್ತು ನೇರವಾಗಿ ಕಾಯಿಲಿಗೆ ಹೋಗುತ್ತಿತ್ತು. ಗಾಡಿ ಕೆಲಹೊತ್ತು ಮತ್ತೆ ಮ್ಯಾಗ್ನೆಟೊ ಗಾಡಿಯಂತೆ ನಡೆದುಕೊಳ್ಳುತ್ತಿತ್ತು.

ನಮ್ಮ ಕಡೆಯವರಿಗೆ ಪರಿಚಯವಾದದ್ದು ಹೆಚ್ಚಾಗಿ ಈ ಎರಡನೆಯ ಬಗೆಯೇ. 1955ರಿಂದ ಮದರಾಸಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್ಟಿನ ಸವಾರರು ಹೆಡ್‌ಲೈಟಿನ ಮೇಲಿನ ಆಮೀಟರಿನ ಸೂಜಿಯನ್ನು ನೋಡುತ್ತ ಕಿಕ್ಕರನ್ನು ಮೆಲ್ಲಗೆ ಅದುಮುತ್ತಿದ್ದುದನ್ನು ಕೇಳುಗರಲ್ಲಿ ಅನೇಕರು ಕಂಡಿರಬೇಕು. ಪಾಯಿಂಟು ಮುಚ್ಚಿದ್ದಾಗ ಕಾಯಿಲ್ ವಿದ್ಯುತ್ತನ್ನು ಎಳೆಯುತ್ತದೆ, ಸೂಜಿ ಒಂದು ಕಡೆಗೆ ವಾಲುತ್ತದೆ. ಪಾಯಿಂಟು ತೆರೆದೊಡನೆ ನಡುವಿಗೆ ಬರುತ್ತದೆ. ಪಿಸ್ಟನ್ ಎಲ್ಲಿದೆಯೆಂಬುದನ್ನು ಹಳಬರು ಅಂಗಾಲಿನಿಂದ ಅರಿತದ್ದನ್ನು ಇವರು ಕಣ್ಣಿನಿಂದ ಅರಿತರು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾದಲ್ಲಿಯೂ, 1973ರ ನಂತರದ ಯೆಜ್ದಿಯಲ್ಲಿಯೂ ಗೇರಿನ ಸನ್ನೆಯೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಒದೆಯಬಹುದು, ಒದೆದ ಮೇಲೆ ಮಡಿಸಿ ಅದರಿಂದಲೇ ಗೇರು ಹಾಕಬಹುದು. ಜಾವಾದ ಡೈನಮೊ ಎಂಜಿನ್ನಿನ ಅಚ್ಚಿನ ತುದಿಗೇ ಕೂತಿತ್ತು. ಎರಡು ಹೊಡೆತದ ಎಂಜಿನ್ನಾದ್ದರಿಂದ ಸುತ್ತಿಗೊಂದು ಕಿಡಿ. ಬ್ಯಾಟರಿ ಬಸವಳಿದಾಗ ಇಳಿಜಾರು ಹುಡುಕಿ ನೂಕುವ ಗೆಳೆಯರು ಮೈಸೂರಿನ ಬೀದಿಗಳಲ್ಲಿ ಆಗ ಧಾರಾಳವಾಗಿದ್ದರು. ಕಾರ್ಖಾನೆ 1996ರಲ್ಲಿ ಮುಚ್ಚಿತು.

ಮ್ಯಾಗ್ನೆಟೊದ ಹಳೆಯ ಗಾಡಿಗಳು ನಮ್ಮಲ್ಲೂ ಕೆಲವು ಉಳಿದಿವೆ, ಅಕ್ಕರೆಯಿಂದ ಸಾಕಿಕೊಂಡವರಿದ್ದಾರೆ. ಅವುಗಳನ್ನು ಕಾಡುವ ರೋಗವೊಂದಿದೆ. ಬೆಳಗಿನ ತಂಪಿನಲ್ಲಿ ಒಂದೇ ಒದೆತಕ್ಕೆ ಎದ್ದ ಗಾಡಿ, ಹತ್ತು ಮೈಲಿ ಓಡಿ ನಿಂತ ಮೇಲೆ ಎಷ್ಟು ಒದೆದರೂ ಏಳುವುದಿಲ್ಲ. ಸಂಜೆ ತಣ್ಣಗಾದ ಮೇಲೆ ಏನೂ ಆಗದಂತೆ ಏಳುತ್ತದೆ. ಅಂದಿನವರು ಆರ್ಮೇಚರಿನ ಸುರುಳಿಗೆ ಸೋರಿಕೆ ತಡೆಯಲು ಅರಗನ್ನು ಹಚ್ಚುತ್ತಿದ್ದರು. ಜಗತ್ತಿನ ಅರಗಿನ ಬಹುಭಾಗ ಆಗ ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು. ವಯಸ್ಸಾದ ಅರಗು ಎಂಜಿನ್ನಿನ ಕಾವಿಗೆ ಮೆತ್ತಗಾಗಿ, ಅಂಟಂಟಾಗಿ ಹೊರಕ್ಕೆ ಒಸರುತ್ತದೆ. ಒಳಗೆ ವಿದ್ಯುತ್ತು ಸುತ್ತಿನಿಂದ ಸುತ್ತಿಗೆ ಸೋರುತ್ತದೆ. ಆಗ ಸುರುಳಿಯನ್ನು ಬಿಚ್ಚಿ ಹೊಸ ತಂತಿ ಸುತ್ತಿ, ಇಂದಿನ ವಾರ್ನಿಷ್ ಹಚ್ಚಿಸುವುದೊಂದೇ ದಾರಿ. ಬಿಚ್ಚುವ ಮೆಕ್ಯಾನಿಕ್ಕು ತಿಳಿದವನಾದರೆ ಆರ್ಮೇಚರನ್ನು ಹೊರಗೆಳೆಯುವ ಮುಂಚೆ ಕುದುರೆ ಲಾಳದ ಎರಡು ತುದಿಗಳ ನಡುವೆ ಒಂದು ಕಬ್ಬಿಣದ ತುಂಡನ್ನು ಅಡ್ಡ ಇಡುತ್ತಾನೆ. ಹಾಗಿಡದೆ ಹೋದರೆ ಆ ಹಳೆಯ ಅಯಸ್ಕಾಂತ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಮತ್ತೆ ಅದಕ್ಕೆ ಬಲ ತುಂಬಿಸುವ ಯಂತ್ರವಿರುವ ಊರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.